‘ಕ್ಯಾಟಲ್’ ಎಂಬ ಪದ ಮತ್ತು ನಮ್ಮ ದನಕರುಗಳು

(ಶತಮಾನೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ದಾಖಲಾತಿಯ ದಿನಗಳಲ್ಲಿ ಪೋಷಕರು ನಮ್ಮ ಮುಂದಿಡುವ ಪ್ರಶ್ನೆ ಮುಖ್ಯವಾಗಿ ಒಂದೇ: ‘ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ಬರುವುದೇ?’ ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗುವಿನ ಮುಂದಿನ ಬದುಕು ಅದರಲ್ಲಿದೆ. ಈ ಶಾಲೆಯ ಮುಂದಿನ ಬದುಕೂ ಅದರಲ್ಲಿಯೇ ಇದೆ. ದೊಡ್ಡ ಸಿದ್ಧಾಂತಗಳನ್ನು ಬದಿಗಿಟ್ಟು, ಒಂದೇ ಒಂದು ಇಂಗ್ಲಿಷ್ ಪದವನ್ನು ಹಿಡಿದು ಇಂದು ಉತ್ತರಿಸಲು ಯತ್ನಿಸುತ್ತೇವೆ. ಕಾಂಗೇಯಂನಲ್ಲಿ ನಿಂತು ಮಾತನಾಡುವವರು ಆ ಪದವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದು ‘ಕ್ಯಾಟಲ್’.

ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ‘ಕ್ಯಾಟಲ್’ ಎಂಬುದರ ಎದುರು ‘ದನ’ ಎಂದಿರುತ್ತದೆ. ‘ಬುಲ್’, ‘ಆಕ್ಸ್’, ‘ಬುಲಕ್’ ಎಂಬ ಮೂರರ ಎದುರೂ ‘ಎತ್ತು’ ಎಂದಿರುತ್ತದೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು, ಭಾಷೆಗೆ ಸಾಲದು. ‘ಬುಲ್’ ಎಂದರೆ ಗೂಳಿ. ಬೀಜ ಒಡೆದು ನೊಗಕ್ಕೆ ಪಳಗಿಸಿದುದು ‘ಬುಲಕ್’, ಅದೇ ನಮ್ಮ ಎತ್ತು. ‘ಆಕ್ಸ್’ ಕೂಡ ಬಹುಮಟ್ಟಿಗೆ ಎತ್ತೇ. ಬಹುವಚನದಲ್ಲಿ ಮಾತ್ರ ಅದು ‘ಆಕ್ಸೆನ್’ ಎಂಬ ಹಳೆಯ ರೂಪವನ್ನು ಉಳಿಸಿಕೊಂಡಿದೆ. ಇನ್ನೂ ಕರು ಹಾಕದ ಎಳೆಯ ಹಸು ‘ಹೆಫರ್’. ಕನ್ನಡದಲ್ಲಿ ಅದಕ್ಕೆ ಕಡಸು, ಮಣಕ ಎಂಬ ಸೊಗಸಾದ ಹೆಸರುಗಳಿವೆ. ‘ಲೈವ್‌ಸ್ಟಾಕ್’ ಎಂದಾಗ ಆಡು, ಕುರಿಗಳೂ ಸೇರುತ್ತವೆ; ಆದುದರಿಂದ ಅದು ‘ಕ್ಯಾಟಲ್’ಗೆ ಸಮಾನಾರ್ಥಕವಲ್ಲ, ನಮ್ಮ ‘ಜಾನುವಾರು’ವಿಗೆ ಸಮೀಪದ ಪದ.

ಈ ಭೇದಗಳನ್ನು ಕಾಂಗೇಯಂ ತಳಿಯ ಮೈಬಣ್ಣದಲ್ಲಿಯೇ ಓದಬಹುದು. ಹುಟ್ಟುವಾಗ ಕರು ಕೆಂಗಂದು ಬಣ್ಣದ್ದಾಗಿರುತ್ತದೆ. ಸುಮಾರು ಆರು ತಿಂಗಳಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಗೂಳಿಯಾಗಿ ಬೆಳೆದುದಕ್ಕೆ ಹಿಣಿಲಿನ ಮೇಲೆಯೂ ಮುಂಭಾಗ ಹಿಂಭಾಗಗಳಲ್ಲಿಯೂ ಕಪ್ಪು ಕವಿಯುತ್ತದೆ. ಎತ್ತು ಬೂದಾಗಿಯೇ ಉಳಿಯುತ್ತದೆ. ‘ಕಾಫ್’, ‘ಬುಲ್’, ‘ಬುಲಕ್’ ಎಂಬ ಮೂರು ಪದಗಳನ್ನು ಬಣ್ಣದಿಂದಲೇ ಕಲಿಸಿಕೊಡಬಲ್ಲ ಪಾಠೋಪಕರಣ ನಮ್ಮ ಊರಿನ ಕೊರಂಗಾಡುಗಳಲ್ಲಿ ಮೇಯುತ್ತಿದೆ. ಕಿಳುವೆಯ ಜೀವಂತ ಬೇಲಿ, ನಡುನಡುವೆ ಬಿಳಿಜಾಲಿ, ಕೆಳಗೆ ಕೊಳುಕ್ಕಟ್ಟೈ ಹುಲ್ಲು ಇರುವ ಈ ಹುಲ್ಲುಗಾವಲುಗಳೂ, ತಳಿಯನ್ನು ಪೋಷಿಸಿದ ಪಳೆಯಕೋಟೆಯ ಪಟ್ಟಗಾರರ ಮನೆತನವೂ ಇಲ್ಲದಿದ್ದರೆ ಕಾಂಗೇಯಂ ಎಂಬ ಹೆಸರು ಪಶುವಿಜ್ಞಾನದ ಗ್ರಂಥಗಳನ್ನು ಸೇರುತ್ತಿರಲಿಲ್ಲ. ಆ ಗ್ರಂಥಗಳು ಈ ತಳಿಯನ್ನು ಹಳ್ಳಿಕಾರ್, ಅಮೃತಮಹಲ್‌ಗಳೊಡನೆ ‘ಮೈಸೂರು ಮಾದರಿ’ಯ ಗುಂಪಿಗೆ ಸೇರಿಸುತ್ತವೆ. ನಮ್ಮ ನೆರೆಯ ಈರೋಡು ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ ಬರಗೂರು ತಳಿಯನ್ನು ಸಾಕಿಕೊಂಡು ಬಂದವರು ಕನ್ನಡ ಮನೆಮಾತಿನ ಲಿಂಗಾಯತರು. ದನಗಳಿಗೆ ಗಡಿಯಿಲ್ಲ, ಅವುಗಳ ಹೆಸರುಗಳಿಗೂ ಇಲ್ಲ.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂಬ ಮೂರು ಹೊರೆ ಹೊತ್ತಿದ್ದಾರೆ ಎಂದು ಕೆಲವರು ಮರುಗುತ್ತಾರೆ. ಹೊರೆಯೋ ಆಸ್ತಿಯೋ, ನೋಡೋಣ. ಕನ್ನಡದ ‘ಎತ್ತು’ ಮತ್ತು ತಮಿಳಿನ ‘ಎರುದು’ ಒಂದೇ ಬೇರಿನ ಪದಗಳು. ಹಸುವಿಗೆ ತಮಿಳಿನಲ್ಲಿಯೂ ಹಳಗನ್ನಡದಲ್ಲಿಯೂ ‘ಆ’ ಎಂಬ ಏಕಾಕ್ಷರದ ಹೆಸರಿತ್ತು. ನಮ್ಮ ‘ಆಕಳು’ ಅದರ ನೆನಪನ್ನು ಇಂದಿಗೂ ಕಾಪಾಡಿಕೊಂಡಿದೆ. ಇಷ್ಟನ್ನು ಬಲ್ಲ ಮಗುವಿಗೆ ತಮಿಳು ಪರಕೀಯವಲ್ಲ.

ಇನ್ನು ಇಂಗ್ಲಿಷಿಗೆ ಬರೋಣ. ‘ಕ್ಯಾಟಲ್’ ಎಂಬುದು ಮೊದಲಿಗೆ ಪ್ರಾಣಿಯ ಹೆಸರೇ ಆಗಿರಲಿಲ್ಲ. ನಾರ್ಮನ್ ಫ್ರೆಂಚ್‌ನಿಂದ ಬಂದ ಈ ಪದಕ್ಕೆ ಆಸ್ತಿ ಎಂದು ಅರ್ಥ. ‘ಚಾಟಲ್’, ‘ಕ್ಯಾಪಿಟಲ್’ ಎಂಬ ಪದಗಳು ಇದರ ಒಡಹುಟ್ಟುಗಳು. ಮೂರಕ್ಕೂ ಮೂಲ, ತಲೆ ಎಂಬರ್ಥದ ಲ್ಯಾಟಿನ್ ಪದ. ಚರಾಸ್ತಿಯಿಂದ ಜಾನುವಾರುಗಳಿಗೂ, ಜಾನುವಾರುಗಳಿಂದ ದನಕರುಗಳಿಗೂ ಅರ್ಥ ಕಿರಿದಾಗುತ್ತ ಬಂದಿತು. ಇಂದಿಗೂ ಇಂಗ್ಲಿಷಿನಲ್ಲಿ ‘ಒಂದು ಕ್ಯಾಟಲ್’ ಎನ್ನುವಂತಿಲ್ಲ. ಎಣಿಸುವಾಗ ಇಷ್ಟು ‘ಹೆಡ್’, ಎಂದರೆ ಇಷ್ಟು ತಲೆ ಎನ್ನಬೇಕು. ನಮ್ಮ ರೈತರು ಸಂತೆಯಲ್ಲಿ ನಾಲ್ಕು ‘ರಾಸು’ ಎನ್ನುವಾಗಲೂ ಆಡುವುದು ಅದೇ ಮಾತು. ಅರಬ್ಬಿಯಲ್ಲಿ ತಲೆ ಎಂಬರ್ಥದ ಪದವೇ ಹಿಂದುಸ್ತಾನಿಯ ದಾರಿಯಾಗಿ ನಮ್ಮಲ್ಲಿಗೆ ಬಂದು ರಾಸು ಆಗಿದೆ.

ದನವೇ ಧನ ಎಂಬ ಭಾವನೆ ಇಂಗ್ಲಿಷಿನದೊಂದೇ ಅಲ್ಲ. ಹಣ ಎಂಬರ್ಥದ ಲ್ಯಾಟಿನ್ ‘ಪೆಕೂನಿಯ’ ಹುಟ್ಟಿದ್ದು ದನ ಎಂಬರ್ಥದ ‘ಪೆಕುಸ್’ನಿಂದ. ಸಂಸ್ಕೃತದಲ್ಲಿ ‘ಗೋಧನ’ವಿದೆ. ತಮಿಳಿನ ‘ಮಾಡು’ (ನಮ್ಮ ಕ್ರಿಯಾಪದವಲ್ಲ, ದನದ ಹೆಸರು) ಎಂಬುದಕ್ಕೆ ಸಂಪತ್ತು ಎಂಬ ಹಳೆಯ ಅರ್ಥವೂ ಇದೆ. ತಿರುಕ್ಕುರಳಿನ 400ನೆಯ ಕುರಳಿನಲ್ಲಿ ಈ ಪದ ಸಂಪತ್ತು ಎಂಬರ್ಥದಲ್ಲಿಯೇ ಬಂದಿದೆ. ಆ ಅಧಿಕಾರದ ಹೆಸರು ‘ಕಲ್ವಿ’, ಎಂದರೆ ವಿದ್ಯೆ. ನಿಜವಾದ ಸಂಪತ್ತು ಯಾವುದೆಂದು ವಳ್ಳುವರ್ ಅಲ್ಲಿ ನಿರ್ಣಯಿಸಿದ್ದಾರೆ. ಶಾಲೆಯೊಂದರ ಹಬ್ಬದಲ್ಲಿ ಅದನ್ನು ವಿವರಿಸಬೇಕಾಗಿಲ್ಲ.

ನಮ್ಮ ಉತ್ತರ ಇಷ್ಟೇ. ಗೂಳಿ, ಎತ್ತು, ಕಡಸುಗಳ ಭೇದವನ್ನು ಕನ್ನಡದಲ್ಲಿ ಕಂಡುಂಡ ಮಗುವಿಗೆ ಇಂಗ್ಲಿಷ್ ಕೊಡಬೇಕಾದುದು ಹೊಸ ಹೆಸರುಗಳನ್ನು ಮಾತ್ರ. ಭೇದವನ್ನೇ ಅರಿಯದ ಮಗುವಿಗೆ ಎಷ್ಟು ಹೆಸರು ಕೊಟ್ಟರೂ ಅವು ಬಾಯಿಪಾಠವಾಗಿಯೇ ಉಳಿಯುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ ಜರ್ಮನಿಯಿಂದ ಬಂದ ಕಿಟೆಲ್ ಅವರು ಇಂತಹ ಮಾತುಗಳನ್ನು ದಶಕಗಳ ಕಾಲ ಕೂಡಿಹಾಕಿದರು. ನಮ್ಮ ಮನೆಯಂಗಳದಲ್ಲಿ ಬಿದ್ದಿರುವುದನ್ನು ನಾವು ಆರಿಸಿಕೊಳ್ಳದಿರುವುದು ತರವಲ್ಲ.

ಆದರೆ ಕಾಲ ನಮಗಾಗಿ ಕಾಯುವುದಿಲ್ಲ. ಟ್ರ್ಯಾಕ್ಟರ್ ಬಂದಲ್ಲಿ ಎತ್ತು ಹೋಯಿತು; ಎತ್ತು ಹೋದಲ್ಲಿ ನೊಗ, ಮಿಣಿ, ಮೂಗುದಾರ, ಕಣ್ಣಿಗಳೆಂಬ ಮಾತುಗಳೂ ಹೋಗುತ್ತಿವೆ. ಆದುದರಿಂದ ಪೋಷಕರಲ್ಲಿ ಒಂದು ವಿನಂತಿ: ಮನೆಯಲ್ಲಿ ಅಜ್ಜ ಅಜ್ಜಿಯರು ಆಡುವ ಇಂತಹ ಹತ್ತು ಮಾತುಗಳನ್ನು ಮಗುವಿನ ಕೈಯಲ್ಲಿ ಬರೆಯಿಸಿ ಶಾಲೆಗೆ ಕಳುಹಿಸಿರಿ. ಹಳೆಯ ವಿದ್ಯಾರ್ಥಿಗಳು ತಮಗೆ ನೆನಪಿರುವುದನ್ನು ಸೇರಿಸಲಿ. ಅವುಗಳ ಎದುರು ತಮಿಳಿನ ಹೆಸರನ್ನೂ ಇಂಗ್ಲಿಷಿನ ಹೆಸರನ್ನೂ ಮಕ್ಕಳೇ ಹುಡುಕಿ ಬರೆಯುವಂತೆ ಮಾಡುವ ಹೊಣೆ ನಮ್ಮದು, ನಿಮ್ಮ ಶಿಕ್ಷಕರದು. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಗೆ ಇದಕ್ಕಿಂತ ಉಚಿತವಾದ ಮೊದಲ ಪಾಠ ನಮಗೆ ತೋರಿಲ್ಲ.