ಅಂಗಳದ ಸುದ್ದಿ

ರವಿವಾರ ಆರಾಧನೆ ಮುಗಿದರೂ ಯಾದಗಿರಿ, ಶಹಾಪುರದ ಚರ್ಚಿನಂಗಳದಿಂದ ಮಂದಿ ಲಗುಬಗೆಯಿಂದ ಮನೆಗೆ ಹೋಗುವುದಿಲ್ಲ. ಯಾರಿಗೆ ಹುಷಾರಿಲ್ಲ, ಯಾರ ಮಗ ಬೆಂಗಳೂರಿಗೆ ದುಡಿಯಲು ಹೋದ, ಎಲ್ಲ ಅಲ್ಲಿಯೇ ತಿಳಿಯುತ್ತದೆ.

ಈ ಸುದ್ದಿಯ ಹಂಬಲವೇ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾಯಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ ತಂದರು. ಪಾದ್ರಿಯೊಬ್ಬರ ಪತ್ರಿಕೆ, ಆದರೂ ಅದರಲ್ಲಿ ಊರ ವರ್ತಮಾನ, ಸರಕಾರದ ಕಾನೂನು, ಕಥೆ, ಪುರಂದರದಾಸರ ಪದ ಎಲ್ಲಕ್ಕೂ ಜಾಗವಿತ್ತು. ಈ ದೊಡ್ಡ ಮನಸ್ಸು ನನಗೆ ಬಹಳ ಹಿಡಿಸುತ್ತದೆ.

ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಆಗ ನಮ್ಮ ಪಕ್ಕದ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆಯುತ್ತಿದ್ದರು. ಬಳ್ಳಾರಿಯ ಹಾಳೆಯೊಂದು ಕೃಷ್ಣೆ ದಾಟಿ ಅವರ ಮೇಜಿಗೂ ಬಂದಿತ್ತೇ ಎಂದು ಅಲ್ಲಿನ ಅವರ ಬಂಗಲೆ ಟೇಲರ್ ಮಂಜಿಲ್ ಕಂಡಾಗಲೆಲ್ಲ ನೆನೆಯುತ್ತೇನೆ.