ಕವಡೆಗೂ ಉಂಟು ಕುಲಗೋತ್ರ

(ಬಡಾವಣೆಯ ಗ್ರಂಥಾಲಯವೊಂದರ ಶನಿವಾರದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



‘ಅವನ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವರದಿಗಾರಿಕೆಗೆ ಸೇರಿದ ಹೊಸತರಲ್ಲಿ ನನ್ನ ಬರಹಗಳ ಬಗ್ಗೆಯೂ ಈ ಮಾತು ಕಿವಿಗೆ ಬಿದ್ದದ್ದುಂಟು. ಆದರೆ ಇದೇ ಕವಡೆಗೆ ಒಂದು ಕಾಲದಲ್ಲಿ ಮನುಷ್ಯರನ್ನೇ ಕೊಂಡುಕೊಳ್ಳುವಷ್ಟು ಕಿಮ್ಮತ್ತಿತ್ತು. ಎರಡು ಬಗೆಯ ಕವಡೆಗಳ ನಡುವಿನ ಸಣ್ಣದೊಂದು ವ್ಯತ್ಯಾಸ ಲಕ್ಷಾಂತರ ಜನರ ಉಳಿತಾಯವನ್ನು ನೀರುಪಾಲು ಮಾಡಿತ್ತು. ಆ ವ್ಯತ್ಯಾಸ ಯಾವುದು, ಕವಡೆಗಳಲ್ಲಿ ಯಾವುದು ಯಾವುದಕ್ಕೆ ನೆಂಟ, ಅದನ್ನು ತಿಳಿದು ನಮಗೇನಾಗಬೇಕು ಎಂಬುದೇ ಇಂದಿನ ವಿಷಯ.

ನಮ್ಮಜ್ಜಿಯ ಬಳಿ ಚೌಕಾಬಾರ ಆಡಲೆಂದೇ ಒಂದು ಬಟ್ಟೆಯ ಚೀಲವಿತ್ತು. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಚೀಲದಲ್ಲಿ ಹತ್ತಾರು ಕವಡೆಗಳಿದ್ದರೂ ಅಜ್ಜಿ ಆರಿಸಿ ತೆಗೆಯುತ್ತಿದ್ದುದು ಒಂದೇ ಬಗೆಯ ನಾಲ್ಕನ್ನು. ಬೆನ್ನು ಉಬ್ಬುತಗ್ಗಾಗಿ ಮೂಲೆ ಮೂಲೆಯಾಗಿದ್ದ ಹಳದಿ ಕವಡೆ ಒಂದು ಗುಂಪು. ಬೆನ್ನು ನುಣುಪಾಗಿದ್ದು ಅದರ ಮೇಲೆ ಕಿತ್ತಳೆ ಬಣ್ಣದ ಉಂಗುರವಿದ್ದದ್ದು ಇನ್ನೊಂದು ಗುಂಪು. ‘ಇವೆರಡರ ಜಾತಿ ಬೇರೆ ಕಣೋ, ಬೆರೆಸಿದರೆ ಆಟ ಕೆಡುತ್ತೆ’ ಎನ್ನುತ್ತಿದ್ದಳು. ಸ್ವೀಡನ್ನಿನ ಲಿನಿಯಸ್ ಎಂಬ ವಿಜ್ಞಾನಿ 1758ರಲ್ಲಿ ಪುಸ್ತಕದಲ್ಲಿ ಮಾಡಿದ ವಿಂಗಡಣೆಯನ್ನೇ ಅಜ್ಜಿ ಜಗಲಿಯ ಮೇಲೆ ಕೂತು ಮಾಡಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಳದಿಯದಕ್ಕೆ ಅವನಿಟ್ಟ ಹೆಸರು ‘ಮೊನೆಟಾ’, ಅಂದರೆ ಹಣ. ಉಂಗುರದ್ದಕ್ಕೆ ‘ಆನ್ಯುಲಸ್’, ಅಂದರೆ ಉಂಗುರ.

ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಲ್ಲಿ, ಮೈಲಾರಲಿಂಗನ ಗೊರವರ ಮೈಮೇಲೆ ಕವಡೆ ಸರವನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಕವಡೆ ಒಂದು ಜೀವಿಯ ಮನೆ ಎಂಬುದು ನಮಗೆ ನೆನಪಾಗುವುದೇ ಕಡಿಮೆ. ಅದು ಸಮುದ್ರದ ಬಸವನಹುಳುವಿನ ಚಿಪ್ಪು. ಮೃದ್ವಂಗಿಗಳೆಂಬ ದೊಡ್ಡ ವಂಶ, ಅದರಲ್ಲಿ ಹೊಟ್ಟೆಯನ್ನೇ ಪಾದ ಮಾಡಿಕೊಂಡು ತೆವಳುವ ಉದರಪಾದಿಗಳ ವರ್ಗ, ಆ ವರ್ಗದಲ್ಲಿ ‘ಸಿಪ್ರೀಯಿಡೀ’ ಎಂಬ ಕುಟುಂಬ. ಇಂದು ಬದುಕಿರುವ ಕವಡೆಗಳಲ್ಲಿ ಸುಮಾರು 250 ಪ್ರಭೇದಗಳಿವೆ.

ಬಸವನಹುಳುವೆಂದರೆ ಸುರುಳಿ ಇರಬೇಕಲ್ಲ, ಕವಡೆಯಲ್ಲಿ ಅದೆಲ್ಲಿ ಎಂದು ನೀವು ಕೇಳಬಹುದು. ಮರಿಯಾಗಿದ್ದಾಗ ಅದಕ್ಕೂ ತೆಳುವಾದ, ಸುರುಳಿಯಾದ, ಬಾಯಗಲದ ಚಿಪ್ಪೇ ಇರುತ್ತದೆ. ಪ್ರಾಯಕ್ಕೆ ಬಂದಾಗ ಚಿಪ್ಪಿನ ಹೊರತುಟಿ ಒಳಕ್ಕೆ ಮಡಚಿಕೊಂಡು ಬಾಯಿ ಸಣ್ಣ ಸೀಳಾಗುತ್ತದೆ. ಅಂಚಿನಲ್ಲಿ ಹಲ್ಲಿನಂಥ ಗೀರುಗಳು ಮೂಡುತ್ತವೆ. ಹಳೆಯ ಸುರುಳಿ ಒಳಗೆ ಮುಚ್ಚಿಹೋಗುತ್ತದೆ. ಆಮೇಲೆ ಚಿಪ್ಪು ದಪ್ಪವಾಗುತ್ತದೆಯೇ ಹೊರತು ಉದ್ದ ಬೆಳೆಯುವುದಿಲ್ಲ. ಪ್ರಾಣಿಯ ‘ಮ್ಯಾಂಟಲ್’ ಎಂಬ ಮಾಂಸದ ಹೊದಿಕೆ ಎರಡೂ ಬದಿಯಿಂದ ಹೊರಬಂದು ಚಿಪ್ಪಿನ ಬೆನ್ನನ್ನು ಶಾಲಿನಂತೆ ಮುಚ್ಚುತ್ತದೆ. ಬಣ್ಣ ಹಚ್ಚುವುದೂ ಅದೇ, ಮೆರುಗು ಕೊಡುವುದೂ ಅದೇ. ಆ ಮೆರುಗನ್ನು ಕಂಡೇ ಇಟಲಿಯವರು ಚೀನಾದ ಪಿಂಗಾಣಿಗೆ ಕವಡೆಯ ಹೆಸರಾದ ‘ಪೋರ್ಚೆಲ್ಲಾನಾ’ವನ್ನು ಇಟ್ಟರು, ಇಂಗ್ಲಿಷಿನ ‘ಪೋರ್ಸಲೀನ್’ ಬಂದದ್ದು ಅಲ್ಲಿಂದ.

ಈಗ ವರ್ಗೀಕರಣದ ಕಥೆಗೆ ಬರೋಣ. ಲಿನಿಯಸ್ ಎಲ್ಲ ಕವಡೆಗಳನ್ನೂ ‘ಸಿಪ್ರಿಯಾ’ ಎಂಬ ಒಂದೇ ಕುಲಕ್ಕೆ ಸೇರಿಸಿದ. ಸೈಪ್ರಸ್ ದ್ವೀಪದ ಪ್ರೇಮದೇವತೆಯಿಂದ ಬಂದ ಹೆಸರದು. ಅವನ ಕೈಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಒಣ ಚಿಪ್ಪುಗಳು. ಹೀಗಾಗಿ ನೋಟಕ್ಕೆ ಹೋಲುವುದನ್ನು ಒಟ್ಟಿಗೆ ಇಡುವುದು ಅನಿವಾರ್ಯವಾಗಿತ್ತು. ಅಲ್ಲೇ ಎರಡು ಎಡವಟ್ಟುಗಳಾದವು.

ಮೊದಲನೆಯದು, ಬೆನ್ನಿನ ಮೇಲೆ ಅಡ್ಡಡ್ಡ ಗೆರೆಗಳಿರುವ ಪುಟ್ಟದೊಂದು ಚಿಪ್ಪು. ಬಾಯಿ ಸೀಳು, ಅಂಚಿನಲ್ಲಿ ಹಲ್ಲು, ಒಟ್ಟಿನಲ್ಲಿ ಕವಡೆಯ ಮರಿಯಂತೆಯೇ ಕಾಣುತ್ತದೆ. ಲಿನಿಯಸ್ ಅದನ್ನು ‘ಸಿಪ್ರಿಯಾ ಪೆಡಿಕ್ಯುಲಸ್’ ಎಂದು ಕವಡೆಯ ಕುಲಕ್ಕೇ ಸೇರಿಸಿದ. ಇಂದು ಅದು ‘ಟ್ರಿವಿಯಿಡೀ’ ಎಂಬ ಬೇರೆ ಕುಟುಂಬದಲ್ಲಿದೆ. ಈ ಕುಟುಂಬದವು ಬಂಡೆಗೆ ಅಂಟಿ ಬದುಕುವ ಕಡಲಚೀಲ ಎಂಬ ಜೀವಿಗಳನ್ನು ತಿನ್ನುತ್ತವೆ. ಅವುಗಳ ಲಾರ್ವಾ, ಅಂದರೆ ನೀರಿನಲ್ಲಿ ತೇಲುವ ಎಳೆಯ ರೂಪ, ಕವಡೆಯ ಲಾರ್ವಾದಂತಿಲ್ಲ. ಅದಕ್ಕೆ ಒಂದರ ಮೇಲೊಂದು ಎರಡು ಚಿಪ್ಪು. ಹೊರಗಿನ ವೇಷ ಒಂದೇ, ಹುಟ್ಟಿದ ಮನೆ ಬೇರೆ.

ಎರಡನೆಯದು ಇದಕ್ಕೆ ತದ್ವಿರುದ್ಧ. ಮೊಟ್ಟೆಯಂತೆ ಬೆಳ್ಳಗಿರುವ ದೊಡ್ಡದೊಂದು ಚಿಪ್ಪನ್ನು ಲಿನಿಯಸ್ ಕವಡೆಗಳಿಂದ ಹೊರಗಿಟ್ಟು ‘ಬುಲ್ಲಾ’ ಎಂಬ, ನೀರಗುಳ್ಳೆಯಂಥ ಚಿಪ್ಪುಗಳ ಕುಲಕ್ಕೆ ಸೇರಿಸಿದ. ಈಗದು ‘ಓವುಲಾ ಓವಮ್’, ಮೊಟ್ಟೆಕವಡೆ. ಅದರ ಓವುಲಿಡೀ ಕುಟುಂಬವೇ ಕವಡೆಗಳಿಗೆ ತೀರ ಹತ್ತಿರದ ನೆಂಟ. ಮೃದು ಹವಳಗಳ ಮೇಲೆ ಮೇಯುವ ಇದರ ಚಿಪ್ಪು ಹಾಲಿನಂತೆ ಬಿಳುಪಾದರೂ ಅದನ್ನು ಹೊದ್ದ ಮ್ಯಾಂಟಲ್ ಮಾತ್ರ ಕಪ್ಪು. ಹೀಗೆ ಲಿನಿಯಸ್ಸನ ಪಟ್ಟಿಯಲ್ಲಿ ದೂರದವರು ಮನೆಯೊಳಗೆ, ದಾಯಾದಿಗಳು ಬೀದಿಯಲ್ಲಿ! ಇದು ಅವನ ದಡ್ಡತನವಲ್ಲ. ಹೋಲಿಕೆಯನ್ನೇ ನೆಂಟಸ್ತಿಕೆ ಎಂದು ತಿಳಿದರೆ ಯಾರಿಗಾದರೂ ಆಗುವ ತಪ್ಪು.

ಇದನ್ನು ತಿದ್ದಲು ಪಂಡಿತರು ಚಿಪ್ಪಿನ ಒಳಹೊಕ್ಕರು. ಜರ್ಮನಿಯ ಫ್ರಾಂಜ್ ಶಿಲ್ಡರ್ ಮತ್ತು ಅವರ ಪತ್ನಿ ಮರಿಯಾ ಶಿಲ್ಡರ್ 1930ರ ದಶಕದ ಕೊನೆಯಲ್ಲಿ ಕವಡೆಗಳ ಒಂದು ದೊಡ್ಡ ವಿಂಗಡಣೆಯನ್ನು ಪ್ರಕಟಿಸಿದರು. ಲಿನಿಯಸ್ಸನ ಒಂದು ಕುಲವನ್ನು ಅವರು ಅನೇಕ ಕುಲಗಳಾಗಿ ಒಡೆದರು. ‘ಇಷ್ಟೊಂದು ಹೆಸರು ಯಾರಿಗೆ ಬೇಕು’ ಎಂದು ಬಹಳಷ್ಟು ಸಂಗ್ರಾಹಕರು ಹಳೆಯ ‘ಸಿಪ್ರಿಯಾ’ವನ್ನೇ ದಶಕಗಳ ಕಾಲ ಬಳಸಿದರು. 2003ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಮೇಯರ್ ಕವಡೆಗಳ ಡಿಎನ್‌ಎ ಹೋಲಿಸಿ ವಂಶವೃಕ್ಷ ಬರೆದಾಗ, ಒಂದೇ ಕುಲವೆಂದು ಸುಮ್ಮನಿರುವುದು ಕಷ್ಟವಾಯಿತು. ಈಗ ‘ಸಿಪ್ರಿಯಾ’ ಎಂಬ ಹಳೆಯ ಹೆಸರಿನಲ್ಲಿ ಉಳಿದಿರುವುದು ಹುಲಿಕವಡೆ ಮತ್ತು ಕೆಂಪು ಸಮುದ್ರದ ಕಡೆಯ ಅದರ ಸೋದರ ಪ್ರಭೇದ, ಎರಡೇ. ಅಜ್ಜಿಯ ಚೀಲದ ಎರಡೂ ಬಗೆಗಳು ‘ಮೊನೆಟೇರಿಯಾ’ ಕುಲಕ್ಕೆ ಸೇರಿವೆ. ಅವು ಬೇರೆ ಬೇರೆ ಪ್ರಭೇದಗಳು ಎಂದ ಅಜ್ಜಿಯ ಮಾತು ನಿಜವೇ. ಆದರೆ ತೀರ ಹತ್ತಿರದ ಒಡಹುಟ್ಟುಗಳು.

ಇಷ್ಟು ಹತ್ತಿರದವುಗಳನ್ನು ಬೇರ್ಪಡಿಸುವುದರಿಂದ ಯಾರಿಗೇನು ಲಾಭ ಎನ್ನಬೇಡಿ. ಉತ್ತರ ಪಶ್ಚಿಮ ಆಫ್ರಿಕದಲ್ಲಿದೆ.

ಹಣದ ಕವಡೆಯ ದೊಡ್ಡ ಗಣಿ ಮಾಲ್ಡೀವ್ಸ್. ಅಲ್ಲಿನವರು ತೆಂಗಿನ ಗರಿಗಳನ್ನು ನೀರಿನಲ್ಲಿ ತೇಲಬಿಟ್ಟು, ಅವಕ್ಕೆ ಅಂಟಿಕೊಂಡ ಕವಡೆಗಳನ್ನು ಒಣಗಿಸಿ, ಮಾಂಸ ಕೊಳೆತ ಮೇಲೆ ಚಿಪ್ಪು ತೆಗೆಯುತ್ತಿದ್ದರು. 14ನೇ ಶತಮಾನದಲ್ಲಿ ಅಲ್ಲಿ ಖಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ ಈ ವ್ಯಾಪಾರವನ್ನು ಕಂಡು ಬರೆದಿದ್ದಾನೆ. ಬಂಗಾಳಕ್ಕೆ ಅಕ್ಕಿಗೆ ಬದಲಾಗಿ ಕವಡೆ ಹೋಗುತ್ತಿತ್ತು. 18ನೇ ಶತಮಾನದಲ್ಲಿ ಸಿಲ್ಹೆಟ್ಟಿನ ಭೂಕಂದಾಯವೇ ಕವಡೆಯಲ್ಲಿ ಸಂದಾಯವಾಗಿ ದೋಣಿಗಳಲ್ಲಿ ಢಾಕಾಕ್ಕೆ ಸಾಗುತ್ತಿತ್ತು. ಡಚ್ಚರು, ಇಂಗ್ಲಿಷರು ಇದೇ ಕವಡೆಯನ್ನು ಹಡಗಿನಲ್ಲಿ ಯೂರೋಪಿಗೆ ಸಾಗಿಸಿ, ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಒಯ್ದು ಗುಲಾಮರನ್ನು ಕೊಂಡರು. ಹಿಂದೂ ಮಹಾಸಾಗರದ ಒಂದು ಹುಳುವಿನ ಚಿಪ್ಪು ಅಟ್ಲಾಂಟಿಕ್ ತೀರದಲ್ಲಿ ಮನುಷ್ಯನ ಬೆಲೆಯಾಯಿತು.

ಯೊರುಬಾ ಜನರ ನಾಡಿನಲ್ಲಿ 40 ಕವಡೆಗೆ ಒಂದು ಸರ, 2,000ಕ್ಕೆ ಒಂದು ‘ತಲೆ’, 20,000ಕ್ಕೆ ಒಂದು ಮೂಟೆ ಎಂಬ ಲೆಕ್ಕವಿತ್ತು. ಮನುಷ್ಯರ ಮಾರಾಟಕ್ಕೆ ಕಡಿವಾಣ ಬಿದ್ದು ತಾಳೆ ಎಣ್ಣೆಯ ವ್ಯಾಪಾರ ಏರಿದ ಮೇಲೂ ನಾಣ್ಯ ಕವಡೆಯೇ. ಈ ಹಣಕ್ಕೆ ಮಿತಿ ಹಾಕಿದ್ದು ಮಾಲ್ಡೀವ್ಸಿನ ದೂರ. ಅಷ್ಟು ದೂರದಿಂದ ತರುವ ಖರ್ಚು. 1840ರ ದಶಕದ ಮಧ್ಯದಲ್ಲಿ ಹ್ಯಾಂಬರ್ಗಿನ ವ್ಯಾಪಾರಿಗಳಿಗೆ ಒಂದು ಉಪಾಯ ಹೊಳೆಯಿತು. ಜಾಂಜಿಬಾರಿನ ಕಡೆ ಉಂಗುರದ ಕವಡೆ ಹೇರಳ, ಬೆಲೆಯೂ ಅಗ್ಗ. ಅದನ್ನು ಹಡಗುಗಟ್ಟಲೆ ತಂದು ಸುರಿದರು. ದೊಡ್ಡದಾದ, ಭಾರವಾದ ಈ ಕವಡೆಯನ್ನೂ ಹಲವು ಪೇಟೆಗಳು ಹಣವೆಂದು ಒಪ್ಪಿಕೊಂಡವು. ಬೇಕಾದಷ್ಟು ಹಣ ಬಂದು ಬಿದ್ದಾಗ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಕವಡೆಯ ಬೆಲೆ ಪಾತಾಳಕ್ಕಿಳಿದಿತ್ತು. ದುಡಿದು ಮೂಟೆ ಕಟ್ಟಿಟ್ಟಿದ್ದ ರೈತನ ಮನೆಯಲ್ಲಿ, ಸಂತೆಯ ಹೆಂಗಸಿನ ಗಡಿಗೆಯಲ್ಲಿ ಉಳಿದದ್ದು ಚಿಪ್ಪು ಮಾತ್ರ. ಎರಡು ಪ್ರಭೇದಗಳ ನಡುವಿನ ಆ ಕಿತ್ತಳೆ ಗೆರೆ ಬರೀ ಪಂಡಿತರ ಹರಟೆಯಾಗಿರಲಿಲ್ಲ.

ಇಂದು ಪ್ರಶ್ನೆ ಬೇರೆ ರೂಪದಲ್ಲಿದೆ. 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಕೆಲವು ಸಮುದ್ರ ಚಿಪ್ಪುಗಳನ್ನು ಸೇರಿಸಲಾಯಿತು. ‘ಸಿಪ್ರಿಯಾ ಮ್ಯಾಪಾ’, ‘ಸಿಪ್ರಿಯಾ ಟಾಲ್ಪಾ’ ಮುಂತಾದ ಕವಡೆಗಳೂ ಅದರಲ್ಲಿದ್ದವು. ಕಡಲತೀರದ ಅಂಗಡಿಯ ಬುಟ್ಟಿಯಲ್ಲಿ ನೂರು ಚಿಪ್ಪುಗಳಿದ್ದರೆ ಕಾಯ್ದೆ ಕಾಯುವ ಒಂದನ್ನು ಗುರುತಿಸಬೇಕಾದವನು ಅರಣ್ಯ ಇಲಾಖೆಯ ಸಿಬ್ಬಂದಿ. ಪುಸ್ತಕ ತೆರೆದರೆ ಮ್ಯಾಪಾ ಈಗ ‘ಲೆಪೊರಿಸಿಪ್ರಿಯಾ’, ಟಾಲ್ಪಾ ಈಗ ‘ಟಾಲ್ಪೇರಿಯಾ’. ಹೆಸರು ಬದಲಾದದ್ದು ತಿಳಿಯದಿದ್ದರೆ ಕಾಯ್ದೆಯ ಕಣ್ಣಿಗೂ ಮಂಜು ಕವಿಯುತ್ತದೆ. ಯಾವ ಜೀವಿ ಯಾವುದೆಂದು ಹೇಳಲಾಗದಿದ್ದರೆ ಅದನ್ನು ಉಳಿಸುವುದಾದರೂ ಹೇಗೆ?

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯ ಅಟ್ಟದಲ್ಲೋ ದೇವರ ಗೂಡಿನಲ್ಲೋ ಹಳೆಯ ಕವಡೆಗಳಿದ್ದರೆ ಹೊರತೆಗೆದು ನೋಡಿ. ಬೆನ್ನು ಹೇಗಿದೆ, ಉಂಗುರವಿದೆಯೇ, ಅಡ್ಡಗೆರೆಗಳಿವೆಯೇ, ಹಲ್ಲುಗಳೆಷ್ಟು ಎಂದು ಮಕ್ಕಳಿಂದ ಎಣಿಸಿ ವಿಂಗಡಿಸಲು ಹೇಳಿ. ಸರಕ್ಕೆ ಪೋಣಿಸಿದವುಗಳಲ್ಲಿ ಬೆನ್ನನ್ನು ಒಡೆದಿರುತ್ತಾರೆ. ಉಂಗುರ ಕಾಣದೆ ಕೊಂಚ ತಬ್ಬಿಬ್ಬಾಗಬಹುದು. ಅಂಗಡಿಯಿಂದ ಹೊಸದಾಗಿ ಕೊಳ್ಳಲು ಮಾತ್ರ ಹೋಗಬೇಡಿ. ಆ ಹೊಳಪನ್ನು ಉಳಿಸಿಕೊಳ್ಳಲು ಬಹುಪಾಲು ಕವಡೆಗಳನ್ನು ಜೀವಂತವಾಗಿಯೇ ಹಿಡಿದಿರುತ್ತಾರೆ.

ಅಜ್ಜಿ ಈಗಿಲ್ಲ. ಚೀಲ ನನ್ನ ಬಳಿ ಇದೆ. ಹಳದಿಯವು ಒಂದು ಗಂಟಿನಲ್ಲಿ, ಉಂಗುರದವು ಇನ್ನೊಂದರಲ್ಲಿ, ಅವಳು ಕಟ್ಟಿಟ್ಟಂತೆಯೇ ಇವೆ. ಅದನ್ನು ಕಂಡಾಗಲೆಲ್ಲ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತನ್ನು ಆಡುವ ಮೊದಲು ಒಂದು ಗಳಿಗೆ ತಡೆಯುತ್ತೇನೆ. ಯಾವ ಕವಡೆ, ಯಾರ ಕಾಲದ ಕಿಮ್ಮತ್ತು ಎಂದು ಕೇಳಿಕೊಳ್ಳಬೇಕಲ್ಲ!