ಉತಾರದ ಮೇಲೆ ನಿಂತ ಮನೆ



ಗದಗ-ಬೆಟಗೇರಿಯಲ್ಲಿ ಯಾರಾದರೂ ಪ್ಲಾಟು ನೋಡಿಬಂದು ಮನೆಯಲ್ಲಿ ವಿಷಯ ತೆಗೆದರೆ, ಹಿರಿಯರು ರೇಟು ಕೇಳುವ ಮೊದಲೇ ಕೇಳುತ್ತಾರೆ: ‘ಎನ್.ಎ. ಆಗೈತೇನು? ಉತಾರ ಯಾರ ಹೆಸರಿಲೆ ಐತಿ?’ ಎನ್.ಎ. ಅಂದರೆ ಹೊಲವನ್ನು ಬೇಸಾಯೇತರ ಬಳಕೆಗೆ ಬದಲಿಸುವ ಅಪ್ಪಣೆ, ಉತಾರ ಅಂದರೆ ಆಸ್ತಿ ಯಾರದೆಂದು ತೋರಿಸುವ ದಾಖಲೆಯ ಪ್ರತಿ. ಸರಕಾರ ಸಾಲ ಕೊಡಲಿ, ಸಬ್ಸಿಡಿ ಕೊಡಲಿ, ಈ ಎರಡು ಪ್ರಶ್ನೆ ದಾಟದೆ ಅದು ಮನೆ ಮುಟ್ಟುವುದಿಲ್ಲ. ಇದು ಇವತ್ತು ನಿನ್ನೆಯ ಕಥೆಯೂ ಅಲ್ಲ.

ನೂರು ವರ್ಷದ ಹಿಂದೆ ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂಬ ನಮ್ಮ ನಾಲ್ಕೂರುಗಳಲ್ಲಿ ಮೂರು ಸರಕಾರ ಇದ್ದವು. ಗದಗ-ಬೆಟಗೇರಿ, ಮುಂಡರಗಿ ಬ್ರಿಟಿಷರ ಮುಂಬೈ ಇಲಾಖೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಸಂಸ್ಥಾನಗಳಿಗೆ ತಮ್ಮದೇ ಸ್ಟಾಂಪು, ತಮ್ಮದೇ ದಫ್ತರ. ಗದಗಿನ ವ್ಯಾಪಾರಿ ಲಕ್ಷ್ಮೇಶ್ವರದಲ್ಲಿ ಮನೆ ಖರೇದಿ ಮಾಡಿದರೆ ಬೇರೊಂದು ರಾಜ್ಯದಲ್ಲಿ ಆಸ್ತಿ ಮಾಡಿದ ಹಾಗೆ. 1948ರ ಮಾರ್ಚ್‌ನಲ್ಲಿ ಸಾಂಗಲಿ, ಮಿರಜ್ ಸೇರಿದ ಪಟವರ್ಧನ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು, 1956ರ ನವೆಂಬರ್ ಒಂದಕ್ಕೆ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ಹಳೇ ಮನೆತನಗಳ ಟ್ರಂಕಿನಲ್ಲಿ ಸಂಸ್ಥಾನದ ಕಾಲದ, ಮರಾಠಿಯ ಮೋಡಿ ಅಕ್ಷರದ ಕಾಗದ ಸಿಕ್ಕರೆ ಆಶ್ಚರ್ಯಪಡಬೇಡಿ.

ಬ್ರಿಟಿಷರ ಕಡೆ ಎರಡು ಕಾಯಿದೆ ಮುಖ್ಯ. 1882ರ ಆಸ್ತಿ ವರ್ಗಾವಣೆ ಕಾಯಿದೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಖರೇದಿ ನೋಂದಣಿ ಆಗಲೇಬೇಕು ಅಂತು. ಆ ನೂರು ರೂಪಾಯಿ ಇವತ್ತಿಗೂ ಕಾಯಿದೆಯಲ್ಲಿ ಹಾಗೇ ಕೂತಿದೆ. ಇನ್ನೊಂದು 1879ರ ಮುಂಬೈ ಭೂಕಂದಾಯ ಸಂಹಿತೆ. ಹೊಲದಲ್ಲಿ ಮನೆ ಕಟ್ಟಬೇಕಾದರೆ ಕಲೆಕ್ಟರರ ಅಪ್ಪಣೆ ಬೇಕು ಎಂಬ ನೇಮ ಅದರದು. ಅದೇ ನೇಮ ನಮ್ಮ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಾಗಿ ಮುಂದುವರಿಯಿತು. ಬೆಂಗಳೂರಿನವರು ಇದಕ್ಕೆ ಭೂಪರಿವರ್ತನೆ ಅನ್ನುತ್ತಾರೆ. ನಮಗೆ ಅದು ಎನ್.ಎ.

ಇಷ್ಟೆಲ್ಲ ನೇಮ ಇದ್ದರೂ ದುಡ್ಡಿನ ನೆರವು? ಅದರ ಬೇರು ನಮ್ಮ ನೆಲದಲ್ಲೂ ಇದೆ. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಮನೆಗಾಗಿ ಕಟ್ಟಿದ ಸಂಘ ಅದಲ್ಲ, ರೈತರನ್ನು ಸಾವುಕಾರರ ಬಡ್ಡಿಯಿಂದ ಬಿಡಿಸಲಿಕ್ಕೆ ಕಟ್ಟಿದ್ದು. ಆದರೂ ಅದರ ಪದ್ಧತಿ ನೋಡಬೇಕು. ಆಗಿನ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ, ಒಬ್ಬ ಮುಳುಗಿದರೆ ಉಳಿದವರು ತುಂಬಬೇಕು. ಹಾಗಾಗಿ ಸಾಲ ಕೇಳಿದವನ ಕಾಗದಕ್ಕಿಂತ ಅವನ ನಡತೆಯನ್ನೇ ಊರು ತೂಗುತ್ತಿತ್ತು. 1912ರ ಕಾಯಿದೆ ಪತ್ತಿನ ಸಂಘಗಳಾಚೆಗೂ ದಾರಿ ತೆರೆಯಿತು. ಮುಂದೆ ನೌಕರರ ಗೃಹ ನಿರ್ಮಾಣ ಸಂಘಗಳು ಬಂದವು.

ಸರಕಾರ ತಾನೇ ಕೈ ಹಾಕಿದ್ದು ಆಮೇಲೆ. ಗೃಹ ಮಂಡಳಿ ಕಾಯಿದೆ 1962ರದು. 1970ರಲ್ಲಿ ವಸತಿಗೆ ಸಾಲ ಕೊಡುವ ಕೇಂದ್ರದ ಕಂಪನಿ ಹುಡ್ಕೋ ಹುಟ್ಟಿತು. ಗದಗಿನಲ್ಲಿ ‘ಹುಡ್ಕೋ ಕಾಲೊನಿ’ ಅಂದರೆ ಆಟೋದವರು ಮುಂದಿನ ಮಾತು ಕೇಳುವುದಿಲ್ಲ. ಸಾಲ ಕೊಟ್ಟ ಕಂಪನಿಯ ಹೆಸರು ಹೀಗೆ ಬಡಾವಣೆಗೇ ಅಂಟಿಕೊಂಡು ಉಳಿದದ್ದು ನನಗೆ ಯಾವಾಗಲೂ ಮೋಜೆನಿಸುತ್ತದೆ. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆ, 1985ರಲ್ಲಿ ಇಂದಿರಾ ಆವಾಸ, 1991-92ರಲ್ಲಿ ಆಶ್ರಯ, 2000ದಲ್ಲಿ ಇವನ್ನೆಲ್ಲ ನೋಡಿಕೊಳ್ಳಲು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಬೆಟಗೇರಿಯ ನೇಕಾರರದು ಬೇರೆ ಲೆಕ್ಕ. ಕುಣಿಮಗ್ಗ ಹೂಡಬೇಕಾದರೆ ನೆಲದಲ್ಲಿ ಕುಣಿ ತೋಡಬೇಕು, ಪಡಸಾಲೆ ಅರ್ಧ ಮಗ್ಗಕ್ಕೇ ಹೋಗುತ್ತದೆ. ಎಲ್ಲರಿಗೂ ಒಂದೇ ಅಳತೆಯ ಮನೆ ಅವರಿಗೆ ಹೊಂದುವುದಿಲ್ಲ. 1980ರ ದಶಕದ ನಡುವಿನಲ್ಲಿ ಮನೆ ಮತ್ತು ನೇಯುವ ಶೆಡ್ಡು ಎರಡೂ ಸೇರಿದ ಯೋಜನೆಯನ್ನು ಕೇಂದ್ರ ತಂದಿತು. ಕೈಕೆಲಸದವನ ಮನೆಯೇ ಅವನ ಕಾರ್ಖಾನೆ ಎಂಬುದನ್ನು ಸರಕಾರ ಒಪ್ಪಿದ ಅಪರೂಪದ ಪ್ರಸಂಗ ಇದು.

ಕಾಲ ಕಳೆದಂತೆ ಹಣ ಕಂತಿಗೆ ಬಂತು. ಪಾಯಾ ತುಂಬಿದ ಮೇಲೆ ಒಂದು ಕಂತು, ಲಿಂಟಲ್‌ಗೆ ಒಂದು, ಛತ್ತಿಗೆ ಒಂದು. ಪ್ರತಿ ಹಂತಕ್ಕೂ ಜಿ.ಪಿ.ಎಸ್. ಫೋಟೋ. ಅರ್ಧ ಎದ್ದ ಗೋಡೆಯ ಮುಂದೆ ಯಜಮಾನತಿ ಸೆರಗು ಸರಿಮಾಡಿಕೊಂಡು ನಿಂತಿರಬೇಕು, ಹಿಂದೆ ಇಟ್ಟಂಗಿ ಕಾಣಬೇಕು. ಕೈಸಾಲ ಮಾಡಿ ಪಾಯಾ ಹಾಕಲಾಗದವರ ಕಡತ ಇಂಥ ಫೋಟೋ ಇಲ್ಲದೆ ಅಲ್ಲೇ ನಿಲ್ಲುತ್ತದೆ.

2015ರ ಜೂನ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರಗಳಿಗೆ ಬಂತು. ಆಗ ಬಡ್ಡಿ ಸಬ್ಸಿಡಿ ಹೆಚ್ಚೆಂದರೆ 2.67 ಲಕ್ಷ, ಸಾಲದ ಖಾತೆಗೇ ಒಮ್ಮೆಗೆ ಜಮಾ ಆಗುತ್ತಿತ್ತು. ವರ್ಷದ ಆದಾಯ ಆರು ಲಕ್ಷದೊಳಗಿನವರು ಮನೆ ಕೊಂಡರೆ ಅದರಲ್ಲಿ ಹೆಣ್ಣುಮಗಳ ಹೆಸರು ಇರಲೇಬೇಕಿತ್ತು, ಇದ್ದ ಜಾಗದಲ್ಲಿ ಕಟ್ಟಿಕೊಂಡರೆ ಆ ಕಡ್ಡಾಯ ಇರಲಿಲ್ಲ. ನಮ್ಮ ಕಡೆ ಹೆಚ್ಚಿನವರು ಕಟ್ಟಿಕೊಳ್ಳುವವರೇ. ಹಾಗಾಗಿ ಒಳ್ಳೆಯ ನೇಮವೊಂದು ಬಹಳ ಮನೆಗಳ ಹೊಸ್ತಿಲು ದಾಟಲಿಲ್ಲ.

ಬಡಾವಣೆ, ಕಟ್ಟಡ ಮಾರುವವರನ್ನು ಹತೋಟಿಯಲ್ಲಿಡುವ ರೇರಾ ಕಾಯಿದೆಯ ಕಥೆಯೂ ಹೀಗೇ. 500 ಚದರ ಮೀಟರಿಗಿಂತ ದೊಡ್ಡ ಲೇಔಟು ನೋಂದಣಿ ಆಗಬೇಕು, ಕರಾರುಪತ್ರ ನೋಂದಣಿ ಮಾಡದೆ ಶೇಕಡಾ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಬಾಂಡಿನ ಮೇಲೆ ಮಾರುವವನಿಗೆ ಇದು ಯಾವುದೂ ತಾಕುವುದಿಲ್ಲ. ಅಂಥ ಗುಂಟೆ ಪ್ಲಾಟು ಹಿಡಿದವರಿಗೆ ಬ್ಯಾಂಕು ಸಾಲವಿಲ್ಲ, ಸಾಲವಿಲ್ಲದ ಮೇಲೆ ಬಡ್ಡಿ ಸಬ್ಸಿಡಿ ಎಲ್ಲಿಂದ? 2024ರ ಅಕ್ಟೋಬರಿನಲ್ಲಿ ಖರೇದಿ ನೋಂದಣಿಗೆ ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಕಡ್ಡಾಯವಾದಾಗ ಖರೇದಿಯೇ ನಿಂತುಹೋದ ಮನೆಗಳು ಕಡಿಮೆ ಇಲ್ಲ. 2025ರ ಫೆಬ್ರವರಿಯಿಂದ ಅನಧಿಕೃತ ಬಡಾವಣೆಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಶುರುವಾಯಿತು, ಒಮ್ಮೆ ದುಪ್ಪಟ್ಟು ಕರ ಕಟ್ಟಬೇಕು. ಬಿ-ಖಾತೆ ಅಂದರೆ ಕರ ಕಟ್ಟಲು ದಾಖಲೆ, ಅಕ್ರಮ ಸಕ್ರಮವಾಯಿತು ಅಂತಲ್ಲ. ಇದನ್ನು ಬಿಡಿಸಿ ಹೇಳುವವರು ಕಡಿಮೆ, ‘ಖಾತೆ ಐತ್ರಿ’ ಅಂತ ಮಾರುವವರು ಬಹಳ.

ಕೊನೆಗೆ ಮುದ್ರಾಂಕ ಶುಲ್ಕ. 2020ರಲ್ಲಿ ರಾಜ್ಯ ಸರಕಾರ 20 ಲಕ್ಷದೊಳಗಿನ ಫ್ಲ್ಯಾಟುಗಳ ಮೊದಲ ನೋಂದಣಿಗೆ ಶುಲ್ಕವನ್ನು ಶೇಕಡಾ 5ರಿಂದ 2ಕ್ಕೆ ಇಳಿಸಿತು. ಮರುವರ್ಷದ ಹೊತ್ತಿಗೆ 20 ಲಕ್ಷ ಮೀರಿ 45 ಲಕ್ಷದವರೆಗಿನವಕ್ಕೆ ಶೇಕಡಾ 3 ಆಯಿತು. ಫ್ಲ್ಯಾಟುಗಳಿಗೆ ಮಾತ್ರ, ಗಮನವಿರಲಿ. ಶಿರಹಟ್ಟಿಯಲ್ಲಿ ಫ್ಲ್ಯಾಟು ಎಷ್ಟಿವೆ, ಹೇಳಿ? ನಮ್ಮ ಪ್ಲಾಟಿಗೂ ಬಿಡಿ ಮನೆಗೂ ಶೇಕಡಾ 5ರ ಶುಲ್ಕ, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1 ಇದ್ದದ್ದು 2 ಆಯಿತು. ಪಟ್ಟಣದಲ್ಲಿ ಎಲ್ಲ ಕೂಡಿ ಶೇಕಡಾ 7.6.

ಈಗ ಪ್ರಧಾನಮಂತ್ರಿ ಆವಾಸ್‌ನ ಎರಡನೇ ಸುತ್ತು ನಡೆದಿದೆ. ವರ್ಷಕ್ಕೆ ಒಂಬತ್ತು ಲಕ್ಷದೊಳಗೆ ಆದಾಯ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಬಡ್ಡಿ ಸಬ್ಸಿಡಿ ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವಾರ್ಷಿಕ ಕಂತಿನಲ್ಲಿ. ಆದರೆ ಲಕ್ಷ್ಮೇಶ್ವರದಲ್ಲಿ 30 ಲಕ್ಷದ ಮನೆ ಖರೇದಿ ಮಾಡುವವರು ನೋಂದಣಿಯ ದಿನವೇ 2 ಲಕ್ಷ 28 ಸಾವಿರ ಕಟ್ಟಿ ಏಳಬೇಕು.